ಅತ್ತೆಯ ಜ್ವರ ಮತ್ತು ಗೋಡೆ ಕಳಚಿದ ಬ್ಯಾಕ್ಟೀರಿಯಾ

ಆವತ್ತು ಬೆಳಿಗ್ಗೆ ಹೊಸಿಲು ತೊಳೆದು ರಂಗೋಲಿ ಎಳೆದೆ, ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿದೆ. ಅತ್ತೆ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿದರೂ ನಾನು ಕಾಫಿ ಸೋಸಲಿಲ್ಲ. ಕಾಫಿಗೆ ಮುಂಚೆ ಅವರ ನಾಲಿಗೆಯಡಿ ಥರ್ಮಾಮೀಟರ್ ಇಡಬೇಕಿತ್ತು. ಬಿಸಿ ಕುಡಿದ ಬಾಯಲ್ಲಿ ಇಟ್ಟರೆ ಇಲ್ಲದ ಜ್ವರವೂ ತೋರಿಸೀತೆಂದು ನನ್ನ ಗುಮಾನಿ. ಕಾಫಿಯಿಲ್ಲದೆಯೂ ಜ್ವರವಿತ್ತು. ಆಗ ಅವರು ಬಿಗಿಯಾಗಿ ಹೊದ್ದಿದ್ದ ಶಾಲಿನ ಮೇಲೆ ಕಣ್ಣು ಹೋಯಿತು; ಅದರ ಕಾವೇ ಇರಬೇಕು ಎಂದುಕೊಂಡೆ.

ಗುಂಡ್ಲುಪೇಟೆಯ ನಮ್ಮ ಮನೆಯಿಂದ ಹರವೆಯಲ್ಲಿರುವ ಮೈದುನನ ಮನೆಗೆ ಹೋಗುವ ಸರದಿ ಬಂದಾಗಲೇ ಅವರಿಗೆ ಉರಿಮೂತ್ರ, ಚಳಿಜ್ವರ ಶುರುವಾಗಿತ್ತು. ಮಾತ್ರೆಗೆ ಇಳಿಯುವುದು, ಮತ್ತೆ ಬರುವುದು. ಮೂತ್ರವನ್ನು ರೋಗಾಣು ಬೆಳೆಸಿ ನೋಡುವ ಕಲ್ಚರ್‌ ಪರೀಕ್ಷೆಗೆ ಕೊಟ್ಟರೆ ಏನೂ ಬೆಳೆದಿಲ್ಲವೆಂದು ರಿಪೋರ್ಟ್ ಬಂತು.

“ಅವ್ವಂಗೆ ಹರವೆಗೆ ಹೋಗಕ್ಕೆ ಮನಸ್ಸಿಲ್ಲ, ಅಷ್ಟೆಯಾ,” ಎಂದರು ಯಜಮಾನರು. ಎರಡನೇ ಸಲವೂ ಏನೂ ಸಿಗದಿದ್ದರೆ ಭಾನುವಾರ ಕಳಿಸಿಬಿಡುವುದೆಂದು ತೀರ್ಮಾನವಾಗಿತ್ತು.

ಆ ಎರಡನೇ ರಿಪೋರ್ಟಿಗೆಂದು ಚಾಮರಾಜನಗರದ ಬಸ್ಸು ಹತ್ತಿದೆವು. ಅತ್ತೆ ಕಿಬ್ಬೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ನಾನು ನೋಡುವಾಗ ಮಾತ್ರವೋ ಏನೋ ಎಂದು ಆಚೆ ತಿರುಗಿ ಕಿಟಕಿಯ ಗಾಜಿನಲ್ಲಿ ಗಮನಿಸಿದೆ. ಕೈ ಅಲ್ಲೇ ಇತ್ತು.

ಲ್ಯಾಬಿನ ಡಾಕ್ಟರಮ್ಮ ರಿಪೋರ್ಟ್ ಕೊಡುವ ಮೊದಲು ಕೇಳಿದರು: “ಅಜ್ಜಿ, ಮೂತ್ರ ಕೊಡೋಕೆ ಮುಂಚೆ ಏನಾದ್ರೂ ಮಾತ್ರೆ ತಗೊಂಡಿದ್ರಾ?”

“ಇಲ್ಲ ಕಣವ್ವ.” ಅತ್ತೆ ಸೆರಗಿನ ಅಂಚನ್ನು ಮಡಿಸತೊಡಗಿದರು. ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ, “ಅಲ್ಲು ನೋವಿಗೆ ತಂದಿದ್ದ ಕ್ಯಾಪ್ಸೂಲು ಉಳ್ದಿತ್ತು. ಎರಡು ಸಲಾನೂ ನುಂಗ್ಬುಟ್ಟೆ. ನೋಡೋರ ಕೈಗೆ ಕೊಳಕು ಕೊಡದಾ? ಚೊಕ್ಕಾಗಿರ್ಲಿ ಅಂತ,” ಎಂದರು. ನೆಂಟರು ಬರುವ ಮುಂಚೆ ಮನೆ ಗುಡಿಸುವ ಹೆಂಗಸು. ಪರೀಕ್ಷೆಗೂ ಒಳಗೆಲ್ಲ ಗುಡಿಸಿಕೊಂಡು ಹೋಗಿದ್ದರು.

“ಕಳ್ಳನ್ನ ಹಿಡೀರಿ ಅಂತ ನಮಗೆ ಹೇಳಿ, ಅವನಿಗೇ ಸುದ್ದಿ ಮುಟ್ಟಿಸಿದ್ದೀರಲ್ಲ!” ಡಾಕ್ಟರಮ್ಮ ನಕ್ಕರು. ಆಮೇಲೆ ನನಗೆ ಬಿಡಿಸಿ ಹೇಳಿದರು. ಬ್ಯಾಕ್ಟೀರಿಯಾಕ್ಕೆ ಮೈಸುತ್ತ ಗಟ್ಟಿ ಗೋಡೆ ಇರುತ್ತದೆ. ಆ ಕ್ಯಾಪ್ಸೂಲು ಗೋಡೆ ಕಟ್ಟುವುದನ್ನೇ ಕೆಡಿಸುತ್ತದೆ. ಹೆಚ್ಚಿನವು ಒಡೆದು ಸಾಯುತ್ತವೆ; ಕೆಲವು ಗೋಡೆ ಕಳಚಿ, ಬರೀ ತೆಳು ಪೊರೆಯಲ್ಲಿ ಬದುಕಿಕೊಳ್ಳುತ್ತವೆ. ಮಾಮೂಲಿ ಕಲ್ಚರ್‌ನಲ್ಲಿ ಅವು ನೀರು ಹೀರಿ ಒಡೆಯುತ್ತವೆ, ಬೆಳೆಯುವುದಿಲ್ಲ. ಅದಕ್ಕೇ ಈ ಸಲ, ಅವು ನೀರು ಹೀರದಂತೆ ತಡೆಯುವ, ಸಕ್ಕರೆ ಹೆಚ್ಚಿರುವ ಕಲ್ಚರ್‌ನಲ್ಲೂ ಮೂತ್ರವನ್ನು ಒಂದಿಷ್ಟು ಹಾಕಿ ನೋಡಿದ್ದರಂತೆ.

ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಒಂದು ಗಾಜಿನ ಪಟ್ಟಿಯಲ್ಲಿ ದೊಡ್ಡವೂ ಸಣ್ಣವೂ ಆದ ಗುಂಡುಗಳು, ಇನ್ನೊಂದರಲ್ಲಿ ನೀಟಾದ ಕಡ್ಡಿಗಳು. ಎರಡೂ ಒಂದೇ ಬ್ಯಾಕ್ಟೀರಿಯಾ ಎಂದರು.

“ಎರಡೂ ಒಂದೇ ಅಂತ ಹೇಗೆ ಮೇಡಂ? ಬೇರೆ ಯಾರದ್ದೋ ಸೇರಿಕೊಂಡಿದ್ರೆ?”

“ನನಗೂ ಅದೇ ಅನುಮಾನ ಬಂತಮ್ಮ. ಆ ಗುಂಡುಗಳನ್ನೇ ತೆಗೆದು ಔಷಧಿ ಇಲ್ಲದ ಕಡೆ ಬೆಳೆಸಿದೆ. ಗೋಡೆ ಕಟ್ಕೊಂಡು ಕಡ್ಡಿಗಳಾದವು. ಜ್ವರ ಮರುಕಳಿಸೋದಕ್ಕೆ ಇದೊಂದೇ ಕಾರಣ ಅನ್ನಲ್ಲ. ಅಜ್ಜಿ ಜ್ವರ ಮಾತ್ರ ಸುಳ್ಳಲ್ಲ.”

ಅತ್ತೆ ನನ್ನತ್ತ ನೋಡಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೊರಗಿ ನಿದ್ದೆ ಹೋದರು. ಯಜಮಾನರು ಫೋನಿನಲ್ಲಿ ಎಲ್ಲ ಕೇಳಿ, ಭಾನುವಾರ ಕಳಿಸುವುದು ಬೇಡ ಎಂದಷ್ಟೇ ಹೇಳಿದರು.

ಸಂಜೆ ಪಕ್ಕದ ಮನೆಯಾಕೆ ಕಾಂಪೌಂಡಿನಾಚೆ ಒಣಗಿದ ಬಟ್ಟೆ ತೆಗೆಯುತ್ತ, “ಏನಾದ್ರೂ ಸಿಕ್ತಾ ಅಕ್ಕ?” ಎಂದಳು. ಸಿಕ್ಕಿತೆಂದೆ.

“ಸದ್ಯ! ಅಜ್ಜಿಗೇ ಅನುಮಾನ ಬಂದ್ಬುಟ್ಟಿತ್ತು ಕಣಕ್ಕ. ನೀವು ಅಂಗಡಿಗೆ ಹೋದಾಗೆಲ್ಲ ಬಂದು, ‘ನಂಗೆ ನಿಜ್ವಾಗ್ಲೂ ಜ್ವರ ಅದಾ, ಅಣೆ ಮುಟ್ಟಿ ನೋಡವ್ವ’ ಅನ್ನೋರು.”