ಬೇವಿನ ಎಲೆಯೂ ಮೂಡಿದ ಫೋಟೋ

ಅವತ್ತು ನಸುಕಿಗೇ ನಲ್ಲಿ ನೀರು ಬಂತು. ಡ್ರಮ್ಮು, ಕೊಡ, ಬೋಗುಣಿ ಎಲ್ಲ ತುಂಬಿಸಿದೆ. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಿದೆ. ಕೌದಿಯ ಹರಿದ ಮೂಲೆಗೆ ತೇಪೆ ಹಾಕಿದೆ. ಸ್ಟುಡಿಯೊ ಗುಡಿಸಿ, ಶೋಕೇಸಿನ ಗಾಜು ಒರೆಸಿ, ಶಾಲೆ ಮಕ್ಕಳ ಪಾಸ್‌ಪೋರ್ಟ್ ಫೋಟೋ ಕತ್ತರಿಸಿ ಕವರುಗಳಿಗೆ ಹಾಕಿದೆ. ಹೊಳಲ್ಕೆರೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಫೋಟೋ ತೆಗೆಯುವುದು ನಮ್ಮ ಮನೆಯವರು. ಮಿಕ್ಕ ಕೆಲಸವೆಲ್ಲ ನನ್ನದು ಮತ್ತು ನನ್ನ ನಾದಿನಿಯದು.

ಮಧ್ಯಾಹ್ನ ದೂರದ ಮಾವ ಬಂದರು. ನಾದಿನಿಗೆ ಸಂಬಂಧ ತಂದವರು ಅವರೇ. ಕೈಯಲ್ಲಿ ನಾವು ಕಳಿಸಿದ್ದ ಅವಳ ಫೋಟೋ ಇತ್ತು. ಹೆಣ್ಣಿನ ಫೋಟೋ ವಾಪಸ್ಸು ಬಂತೆಂದರೆ ಮುಂದೆ ಏನೂ ಕೇಳಬೇಕಾಗಿಲ್ಲ.

ಹುಡುಗ ಜವನಗೊಂಡನಹಳ್ಳಿಯವನು, ಹಿರಿಯೂರಿನಲ್ಲಿ ಮೇಷ್ಟ್ರು. ಮಾಡದಕೆರೆಯ ಒಂದು ಮದುವೆಯಲ್ಲಿ ನಾದಿನಿ ಪಂಕ್ತಿಗೆ ಹಪ್ಪಳ ಹಾಕುತ್ತಾ ಬಂದಾಗ "ಇನ್ನೊಂದ್ ಹಾಕ್ರಿ, ಮುರ್ದಿದ್ದಾದ್ರೂ ನಡೀತೈತೆ" ಅಂದಿದ್ದನಂತೆ. ಅವಳು ಬುಟ್ಟಿಯೆಲ್ಲ ಕೆದಕಿ ಇಡೀ ಹಪ್ಪಳವನ್ನೇ ಹುಡುಕಿ ಹಾಕಿದಳಂತೆ. ಅಷ್ಟೇ ಅವರ ಪರಿಚಯ. ಮುಂಚೆ ಬಂದ ಸಂಬಂಧಗಳಿಗೆಲ್ಲ "ಅಣ್ಣ ಹೇಳ್ದಂಗೆ" ಅನ್ನುತ್ತಿದ್ದವಳು, ಈ ಸಲ ಮಾತ್ರ ಸೀರೆಯನ್ನು ಎರಡು ಸಲ ಬದಲಾಯಿಸಿ ಫೋಟೋಗೆ ಬಂದು ನಿಂತಿದ್ದಳು. ಹುಡುಗನೇನೋ ನೋಡಿದ್ದ, ಮನೆಯ ಹಿರಿಯರು ನೋಡಿರಲಿಲ್ಲ. ಅವರು ಫೋಟೋ ನೋಡಿ ಹೂಂ ಅಂದ ಮೇಲೆಯೇ ಹೆಣ್ಣು ನೋಡಲು ಬರುವುದು.

ಹೆಣ್ಣಿನ ಫೋಟೋಗೆ ನಮ್ಮ ಮನೆಯವರದು ಎತ್ತಿದ ಕೈ. ಹೊಸದುರ್ಗದಿಂದಲೂ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ರೀಲಿನ ಕ್ಯಾಮೆರಾಗೆ ಉದ್ದನೆಯ ಲೆನ್ಸು ಹಾಕಿ, ಹುಡುಗಿಯನ್ನು ಗೋಡೆಯಿಂದ ದೂರ ನಿಲ್ಲಿಸಿ ತೆಗೆದರೆ, ಮುಖ ಮಾತ್ರ ಮೂಡಿ ಹಿಂದಿನದೆಲ್ಲ ಕರಗಿಹೋಗುತ್ತಿತ್ತು. ಹಿಂದೆ ಸೌದೆ ಒಟ್ಟಿದ್ದರೂ ಸರಿ, ಎಮ್ಮೆ ಕಟ್ಟಿದ್ದರೂ ಸರಿ. ಆ ವರ್ಷವಷ್ಟೇ ಚಿತ್ರದುರ್ಗದಿಂದ ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ತಂದಿದ್ದರು. ಒಂದು ಫೋಟೋಗಾಗಿ ರೀಲು ಯಾಕೆ ಹಾಕುವುದೆಂದು, ತಂಗಿಯನ್ನು ಮನೆಯ ಮುಂದೆ ನಿಲ್ಲಿಸಿ ಅದರಲ್ಲೇ ತೆಗೆದರು.

"ಲೇ ಅಣ್ಣ, ಹಿಂದೆ ಬಕೇಟು ಐತೆ ನೋಡೋ."

"ಸುಮ್ನೆ ನಿಂತ್ಕಳವ್ವ. ಬಕೇಟೂ ಇರಲ್ಲ, ಬೀದೀನೂ ಇರಲ್ಲ. ಎಲ್ಲಾ ಮಜ್ಜಿಗೆ ಆಗೋಗ್ತೈತೆ."

ಪ್ರಿಂಟು ಬಂದಾಗ ಬಕೇಟು ಹಿಡಿಕೆ ಸಮೇತ ಇತ್ತು. ಇವರು ಹುಬ್ಬು ಗಂಟಿಕ್ಕಿದರೂ, ತಂಗಿಯ ಮುಖ ಚೆನ್ನಾಗಿ ಬಂದಿದೆಯೆಂದು ಕಳಿಸಿಬಿಟ್ಟರು. ನಾನೂ ಮುಖವನ್ನೇ ನೋಡಿದೆ. ಅದರ ಹಿಂದಿನ ಬಾಗಿಲನ್ನು ನಾವು ಯಾರೂ ನೋಡಲಿಲ್ಲ.

ಬಾಗಿಲು ಪಕ್ಕದ ಮನೆಯದು. ಎರಡು ಮನೆಗೂ ಒಂದೇ ಜಗುಲಿಯಾದ್ದರಿಂದ, ಹೊಸಬರಿಗೆ ಎಲ್ಲ ಒಂದೇ ಮನೆಯಂತೆ ಕಾಣುತ್ತದೆ. ಆ ಮನೆಯ ಕೂಸಿಗೆ ಮೈಮೇಲೆ ಅಮ್ಮ ಎದ್ದಿದ್ದಳು; ನಮ್ಮ ಕಡೆ ಸಿಡುಬಿನಂಥ ಗುಳ್ಳೆಗಳಿಗೆ ಹಾಗೆಯೇ ಹೇಳುವುದು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಬೇಸಿಗೆಯಲ್ಲಿ ನಮ್ಮ ಓಣಿಯ ಯಾವುದಾದರೂ ಒಂದು ಬಾಗಿಲಿಗೆ ಬೇವು ಇದ್ದೇ ಇರುತ್ತಿತ್ತು, ಹಾಗಾಗಿ ನಮ್ಮ ಕಣ್ಣಿಗೆ ಅದು ಹೊಸದಲ್ಲ.

"ಆ ಹುಡುಗನ ಅಜ್ಜಿ ಕನ್ನಡಕ ಹಾಕ್ಕಂಡು ನೋಡಿದ್ದೇ ಬೇವು ಕಣಪ್ಪ," ಅಂದರು ಮಾವ. "ಹುಡುಗಿ ಮಕ ಆಮೇಲೆ. ಅಮ್ಮ ಮನ್ಯಾಗೆ ಕುಂತಿರುವಾಗ ಒಗ್ಗರಣೆ ಹಾಕಲ್ಲ ನಾವು, ಅವರು ಮದುವೆ ಮಾತು ಎತ್ಯಾರಲ್ಲ, ಎಂಥ ಜನ ಅಂದ್ಳು."

"ಅದು ನಮ್ಮನೆ ಬಾಗ್ಲಲ್ಲ ಮಾವ! ನಾಳೆ ಬೆಳಿಗ್ಗೆನೇ ಹೋಗಿ ಹೇಳಾಣ ನಡೀರಿ," ಅಂದರು ಇವರು.

"ನಾನು ಹೇಳ್ಲಿಲ್ವಾ? ಗಂಟ್ಲು ಹರ್ಕಂಡೆ. ಅಷ್ಟೊತ್ತಿಗೆ ತುರುವನೂರಾಗೆ ಬೇರೆ ಹೆಣ್ಣು ಗೊತ್ತು ಮಾಡಿ ತಾಂಬೂಲ ಬದಲಾಯ್ಸಿ ಆಗಿತ್ತು."

ಒಳಗಿನಿಂದ ನಾದಿನಿ ಬಂದು, ಮಾವನಿಗೆ ಚಹಾ ಕೊಟ್ಟು, ಫೋಟೋ ತೆಗೆದುಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. "ಒಂದೊಂದ್ ಎಲೆನೂ ಎಣಿಸ್ಬೋದಲ್ಲೋ ಅಣ್ಣ," ಅಂದಳು. ಬೇರೆ ದಿನವಾಗಿದ್ದರೆ ಇವರು ಬೀಗುತ್ತಿದ್ದರು.

ಸಂಜೆ ಇವರು ಹಳೆಯ ಕ್ಯಾಮೆರಾದ ಬೆನ್ನು ತೆರೆದು ನನಗೆ ತೋರಿಸಿದರು. ರೀಲಿನ ಮೇಲೆ ಚಿತ್ರ ಬೀಳುವ ಜಾಗ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಚಿಕ್ಕದು. ಹೊಸದರಲ್ಲಿ ರೀಲಿನ ಬದಲು ಇರುವ ಸೆನ್ಸರ್ ತೊಗರಿಬೇಳೆಯಷ್ಟು. ಅಷ್ಟು ಚಿಕ್ಕದರೊಳಗೆ ಇಡೀ ಹುಡುಗಿ ಹಿಡಿಸಬೇಕೆಂದರೆ ಲೆನ್ಸು ತೀರಾ ಗಿಡ್ಡವಾಗಿರಬೇಕು, ಬೆಳಕು ನುಗ್ಗುವ ಕಂಡಿಯೂ ಅದಕ್ಕೆ ತಕ್ಕಂತೆ ಸಣ್ಣದಾಗುತ್ತದೆ. ಕಂಡಿ ಸಣ್ಣದಾದಷ್ಟೂ ಹತ್ತಿರದ ಮುಖ, ದೂರದ ಬಾಗಿಲು ಎರಡೂ ಒಂದೇ ಸಮ ಚೊಕ್ಕ. ಆಮೇಲೆ ಒಂದು ಲೋಟವನ್ನು ಮುಂದಿಟ್ಟು, ಹಿಂದೆ ಕ್ಯಾಲೆಂಡರ್ ನೇತುಹಾಕಿ, ಹೊಸ ಕ್ಯಾಮೆರಾದಲ್ಲಿ ಮತ್ತೆ ಮತ್ತೆ ತೆಗೆದರು. ಕ್ಯಾಲೆಂಡರಿನ ಏಕಾದಶಿ ಅಮಾವಾಸ್ಯೆ ಎಲ್ಲ ಓದಲು ಬರುತ್ತಿತ್ತು.

"ಇಪ್ಪತ್ತು ವರ್ಷ ಹಿಂಗೇ ನಿಲ್ಲಿಸಿ ತೆಗೆದೆ ಕಣೇ. ಯಾರ್ಯಾರ ಹೆಣ್ಮಕ್ಕಳಿಗೋ ಮದುವೆ ಆಯ್ತು."

ನಾನು ಲೋಟ ಎತ್ತಿಟ್ಟು, ಕ್ಯಾಲೆಂಡರನ್ನು ಮತ್ತೆ ಅದರ ಮೊಳೆಗೆ ಹಾಕಿದೆ. ನಾದಿನಿಗೆ ಮುಂದೆ ಹೊಸದುರ್ಗದ ಕಡೆ ಮದುವೆಯಾಯಿತು. ಗಂಡ ಒಳ್ಳೆಯವನೇ, ಮನೆ ತುಂಬ ಕುರಿ, ಕಾಳು, ಜನ. ಆದರೂ ನೆಂಟರ ಮದುವೆಗಳಲ್ಲಿ ಊಟಕ್ಕೆ ಕುಳಿತವರು ಹಪ್ಪಳ ಕೇಳಿದರೆ ಅವಳು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗುತ್ತಾಳೆ.

ಅವತ್ತು ರಾತ್ರಿ ಮುದ್ದೆ, ಹುರುಳಿಕಟ್ಟಿನ ಸಾರು, ಈರುಳ್ಳಿ. ಬಡಿಸಿದ್ದು ನಾದಿನಿಯೇ. ಇವರು ಅರ್ಧ ಮುದ್ದೆಗೇ ಕೈ ತೊಳೆಯಲು ಎದ್ದಾಗ "ಕುಂತ್ಕಳೋ, ನೀನೇನ್ ಬೇಕಂತ ಮಾಡಿದ್ಯಾ" ಎಂದು ಗದರಿ ಸಾರು ಬಿಟ್ಟಳು. ಪೂರ್ತಿ ಉಂಡರು. ಮಾವ ಜಗುಲಿಯ ಮೇಲೆ ಎಲ್ಲರಿಗಿಂತ ಮೊದಲು ನಿದ್ದೆ ಹೋದರು. ಆಮೇಲೆ ನಾನು. ಅಣ್ಣ ತಂಗಿಯರಲ್ಲಿ ಯಾರು ಮೊದಲು ಮಲಗಿದರೋ ನನಗೆ ತಿಳಿಯದು.