ಅವ್ವನ ಬೋರಮಾಳ ಹೈದರಾಬಾದಿಗೆ ಹೋದದ್ದು

ಕಳೆದ ವರ್ಷ ಕಾರ್ತಿಕದ ಮೊದಲ ಸೋಮವಾರ ನನ್ನ ಅಕ್ಕ ನಮ್ಮ ಅವ್ವನ ಬೋರಮಾಳವನ್ನು ಯಾದಗಿರಿಯ ಹೆಸರಾಂತ ಆಭರಣದ ಅಂಗಡಿಯೊಂದಕ್ಕೆ ಕೊಟ್ಟಳು. ಬೋರಮಾಳ ಎಂದರೆ ಒಳಗೆ ಅರಗು ತುಂಬಿದ ಬಂಗಾರದ ಗುಂಡುಗಳ ಸರ. ಗುಂಡುಗಳು ಅಲ್ಲಲ್ಲಿ ನೆಗ್ಗಿದ್ದವು. ಅದನ್ನು ಕರಗಿಸಿ, ಅದೇ ಬಂಗಾರದಲ್ಲಿ ಮಗಳ ಮದುವೆಗೆ ಹೊಸ ಸರ ಮಾಡಿಸಬೇಕೆಂದು ಅಕ್ಕ ಸುರಪುರದಿಂದ ಬಂದಿದ್ದಳು. ನಾನು ಯಾದಗಿರಿಯಲ್ಲೇ ಇರುವುದರಿಂದ ಜೊತೆಗೆ ಹೋದೆ.

ಅವ್ವ ತೀರಿಕೊಂಡು ಒಂದು ವರ್ಷವಾಗಿತ್ತು. ಆ ಸರ ಆಕೆಗೆ ಬಂದದ್ದು ಆಕೆಯ ತಾಯಿಯ ಬಂಗಾರದಿಂದ. ಹಾಸಿಗೆ ಹಿಡಿದಾಗ ಅಕ್ಕನಿಗೆ ಹೇಳಿದ್ದು ಇಷ್ಟೇ: "ಮಾರಬ್ಯಾಡ. ಮೊಮ್ಮಗಳ ಲಗ್ನಕ್ಕ ಕರಗ್ಸು. ನಮ್ಮವ್ವಂದು ನನ್ ಕೊಳ್ಳಾಗ ಬಂತು, ನಂದು ಆಕಿ ಕೊಳ್ಳಾಗ ಹೋಗ್ಲಿ."

ಯಾವ ಅಂಗಡಿ ಎಂಬ ಬಗ್ಗೆ ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. ಬೋರಮಾಳ ಮಾಡಿದ್ದ ಪತ್ತಾರ, ಅಂದರೆ ಅಕ್ಕಸಾಲಿಗ, ಈಗಿನ ಮಾಲೀಕನ ಅಜ್ಜ. ಆಗ ಅವರು ಸುರಪುರದಲ್ಲಿದ್ದರು. ಒಂದು ಪಡಸಾಲೆ, ಒಂದು ಅಗ್ಗಿಷ್ಟಿಗೆ, ಅಷ್ಟೇ ಅಂಗಡಿ. ಬಂಗಾರ ತಂದ ಹೆಂಗಸು ಅಗ್ಗಿಷ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ಎದುರಿಗೇ ಕೂರಬೇಕು. ಮೂಸೆಯಲ್ಲಿ ಬಂಗಾರ ಕರಗಿ, ಅಚ್ಚಿಗೆ ಹೊಯ್ದು, ಆರುವವರೆಗೆ ಏಳುವಂತಿಲ್ಲ. ಅಜ್ಜನೇ ಏಳಗೊಡುತ್ತಿರಲಿಲ್ಲವಂತೆ. "ಎದ್ದು ಹೋದ್ರ ನಾಳಿ ನನ್ ಮ್ಯಾಲ ಹಾಕ್ತೀರಿ, ಕುಂಡ್ರಬೇ" ಎನ್ನುತ್ತಿದ್ದನೆಂದು ಅವ್ವ ನೆನೆಸಿಕೊಂಡು ನಗುತ್ತಿದ್ದಳು. ಕೆಲಸ ಮುಗಿದ ಮೇಲೆ ಕೊಂಡಿಯ ಹಿಂದೆ ಬಿಲ್ವಪತ್ರೆಯ ಸಣ್ಣ ಮುದ್ರೆ ಒತ್ತುತ್ತಿದ್ದ. ಆ ಮುದ್ರೆ ಕಂಡರೆ ಶಹಾಪುರ, ಗುರುಮಠಕಲ್ ಕಡೆಯವರೂ ಬೇರೇನೂ ಕೇಳುತ್ತಿರಲಿಲ್ಲ.

ಈಗ ಅಂಗಡಿ ಯಾದಗಿರಿಯ ದೊಡ್ಡ ರಸ್ತೆಯಲ್ಲಿದೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ. ಗೋಡೆಯ ಮೇಲೆ ಅಗ್ಗಿಷ್ಟಿಗೆಯ ಮುಂದೆ ಕುಳಿತ ಅಜ್ಜನ ದೊಡ್ಡ ಫೋಟೊ. ಮಾಡುವ ಕೂಲಿ ಬೇರೆ ಅಂಗಡಿಗಳಿಗಿಂತ ಹೆಚ್ಚು. ಆದರೂ ಮದುವೆಯ ಬಂಗಾರ ಅಲ್ಲಿಂದಲೇ ಬರಬೇಕೆನ್ನುವವರು ಬಹಳ.

ಅಂದು ಕೌಂಟರಿನಲ್ಲಿದ್ದ ಹುಡುಗಿ ಬೋರಮಾಳ ತೂಗಿದಳು, ಯಂತ್ರದಲ್ಲಿಟ್ಟು ಶುದ್ಧತೆ ನೋಡಿದಳು, ಮಾದರಿಗಳನ್ನು ತೋರಿಸಿದಳು. ಅಕ್ಕ ಒಂದನ್ನು ಆರಿಸಿದಳು. ಆಮೇಲೆ ಸೀರೆಯ ಸೆರಗು ಸರಿಮಾಡಿಕೊಂಡು ಕೇಳಿದಳು:

"ಎಲ್ಲಿ ಕುಂಡ್ರಬೇಕವಾ ನಾನು?"

"ಯಾಕ್ರಿ ಅಮ್ಮಾ?"

"ಕರಗಸ್ತೀರಲ್ಲ, ಅದಕ್ಕ."

ಹುಡುಗಿ ನಕ್ಕಳು. "ಈಗ ಅದೆಲ್ಲ ಇಲ್ರಿ ಅಮ್ಮಾ. ನೀವು ಆರಾಮ್ ಮನಿಗಿ ಹೋಗ್ರಿ. ಹತ್ತ್ ದಿನಕ್ಕ ಬರ್ರಿ, ಸರ ರೆಡಿ ಇರ್ತದ."

ಅಕ್ಕ ಗೋಡೆಯ ಫೋಟೊವನ್ನೊಮ್ಮೆ ನೋಡಿದಳು. "ಇವರ ಮನಿ ಅಂದ ಮ್ಯಾಲ ಏನ್ ಚಿಂತಿ" ಎಂದು ನನಗೆ ಹೇಳಿ ಎದ್ದಳು.

ಹೇಳಿದ ದಿನಕ್ಕೆ ಸರ ಸಿದ್ಧವಿತ್ತು. ಮದುವೆಗೆ ಒಂದು ವಾರ ಉಳಿದಿತ್ತು. ಅಂದು ಕೌಂಟರಿನಲ್ಲಿ ಮಾಲೀಕನೇ ಇದ್ದ. ಸರ ಚೆಂದವಿತ್ತು, ಅದರಲ್ಲಿ ಎರಡು ಮಾತಿಲ್ಲ. ಗುಂಡುಗಳು ಒಂದೇ ಅಳತೆ, ಕೊಂಡಿಯ ಹಿಂದೆ ಬಿಲ್ವಪತ್ರೆ. ಅಕ್ಕ ಅದನ್ನು ಕಣ್ಣಿಗೊತ್ತಿಕೊಂಡಳು. ಉಪಚಾರಕ್ಕೆಂಬಂತೆ ಕೇಳಿದಳು:

"ಅವ್ವಂದು ಎಲ್ಲಾ ಇದ್ರಾಗೇ ಬಂತೇನ್ರಿ ಪತ್ತಾರ್ರ?"

"ತೂಕ ಎಲ್ಲಾ ಬಂತ್ರಿ ಅಕ್ಕಾರ. ಗುಂಜಿ ಕಮ್ಮಿ ಇಲ್ಲ."

"ತೂಕಲ್ರಿ. ಬಂಗಾರ."

ಆತನಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮುಚ್ಚಿಡಲಿಲ್ಲ. ಸರ ಕೊಯಮತ್ತೂರಿನಲ್ಲಿ ತಯಾರಾಗಿ ಬಂದಿತ್ತು. ಬಿಲ್ವಪತ್ರೆಯನ್ನೂ ಅಲ್ಲೇ ಯಂತ್ರದಿಂದ ಒತ್ತುತ್ತಾರೆ. ಗಿರಾಕಿಗಳ ಹಳೆಯ ಬಂಗಾರವೆಲ್ಲ ಹೈದರಾಬಾದಿಗೆ ಹೋಗಿ ಒಟ್ಟಿಗೆ ಕರಗುತ್ತದೆ.

"ಎಲ್ಲಾರೂ ಹಿಂಗೇ ಮಾಡಾಕತ್ತಾರ್ರಿ ಅಕ್ಕಾರ. ನಾ ಒಬ್ಬನೇ ಅಲ್ಲ."

"ಉಳಿದೋರ್ದು ನಾ ಕೇಳಿಲ್ರಿ. ನಾ ನಿಮ್ ಮನಿಗಿ ಬಂದೀನಿ. ಇದ್ರಾಗ ನಿಮ್ದು ಏನದರಿ?"

"ಹೆಸರದರಿ. ಜವಾಬ್ದಾರಿ ಅದ. ನಾಳಿ ಕೊಂಡಿ ಮುರೀತಂದ್ರ ಕೊಯಮತ್ತೂರಿಗಿ ಹೋಗ್ತೀರೇನು? ನನ್ ಕಡಿಗೇ ಬರ್ತೀರಿ." ಆಮೇಲೆ ದನಿ ತಗ್ಗಿಸಿ ಹೇಳಿದ: "ನಮ್ಮಜ್ಜ ಮಾಡ್ತಿದ್ದ ಖರೆ. ನನ್ ಕೈಯಾಗ ಒಂದ್ ಗುಂಡು ಸೈತ ಬರಂಗಿಲ್ರಿ."

ಪಕ್ಕದಲ್ಲಿ ಕಾಲ್ಗೆಜ್ಜೆ ನೋಡುತ್ತಿದ್ದ ಗೋಗಿಯ ಹೆಂಗಸೊಬ್ಬಳು ಕೇಳಿಸಿಕೊಂಡು ನಕ್ಕಳು. "ಯಕ್ಕಾ, ಬಂಗಾರಕ್ಕೇನ್ ಮಾರಿ ಇರ್ತದೇನು, ಗುರ್ತು ಹಿಡೀಲಾಕ?"

"ನಮ್ಮವ್ವನ ಕೊಳ್ಳಾಗಿಂದು ನನಗ ಗುರ್ತಿತ್ತವಾ" ಎಂದಳು ಅಕ್ಕ. ಆ ಹೆಂಗಸು ಕಾಲ್ಗೆಜ್ಜೆಯ ಕಡೆ ತಿರುಗಿದಳು.

ವಾಪಸ್ ತರಿಸಲು ಆಗುತ್ತದೆಯೇ ಎಂದು ನಾನು ಕೇಳಿದೆ. ಮಾಲೀಕ ಅಲ್ಲಿಯೇ ಹೈದರಾಬಾದಿಗೆ ಫೋನ್ ಹಚ್ಚಿ, ನಮಗೂ ಕೇಳಲೆಂದು ದನಿ ಹೆಚ್ಚಿಸಿದ. ಆ ಕಡೆಯ ಮನುಷ್ಯ ಯಂತ್ರದ ಸದ್ದಿನ ನಡುವೆ ಕೂಗಿದ: "ಗಲ್ ಗಯಾ ಸೇಠ್! ಕಬ್ ಕಾ ಗಲ್ ಗಯಾ!" ಯಾರೂ ಕನ್ನಡದಲ್ಲಿ ಹೇಳಬೇಕಾಗಿರಲಿಲ್ಲ. ಬೋರಮಾಳ ಎಂದೋ ಕರಗಿಹೋಗಿತ್ತು.

ಮಾಲೀಕ ಕೂಲಿ ಬಿಟ್ಟುಕೊಡುವುದಾಗಿ ಹೇಳಿದ. ಅಕ್ಕ ಬೇಡವೆಂದಳು. ಸರ ಬಿಟ್ಟು ಬರುವಂತೆಯೂ ಇರಲಿಲ್ಲ, ಬೀಗರಿಗೆ ಅದರ ಮಾದರಿ ಆಗಲೇ ತೋರಿಸಿಯಾಗಿತ್ತು. ಪೆಟ್ಟಿಗೆ ತೆಗೆದುಕೊಂಡು ಹೊರಬಂದೆವು.

ಆ ಅಂಗಡಿ ನಮಗೆ ಸುಳ್ಳು ಹೇಳಲಿಲ್ಲ. ಬಂಗಾರ ಶುದ್ಧ, ತೂಕ ಸರಿ. ಮೊದಲ ದಿನ ಕೊಟ್ಟ ಚೀಟಿಯ ಮೇಲೆ 'ಹಳೆಯ ಬಂಗಾರದ ವಿನಿಮಯ' ಎಂದೇ ಅಚ್ಚಾಗಿತ್ತು. ಆದರೆ ಅಂಗಡಿಯ ಹೆಸರು ಬೆಳೆದದ್ದು ತೂಕದಿಂದಲ್ಲ. ತೂಕ ಸರಿಯಾಗಿ ಕೊಡುವ ಪತ್ತಾರರು ಸುರಪುರದಲ್ಲಿ ಆಗಲೂ ಬೇರೆಯವರಿದ್ದರು. ತಂದವರನ್ನು ಎದುರಿಗೆ ಕೂರಿಸಿಕೊಂಡು ಕರಗಿಸಿದ್ದರಿಂದ ಬೆಳೆದದ್ದು ಅದು. ಅಗ್ಗಿಷ್ಟಿಗೆ ಹೋಗಿದೆ, ಹೆಚ್ಚಿನ ಕೂಲಿ ಉಳಿದಿದೆ. ಜವಾಬ್ದಾರಿ ಎಂದು ಮಾಲೀಕ ಹೇಳಿದ್ದು ಪೊಳ್ಳಲ್ಲ, ಮುರಿದ ಕೊಂಡಿಯ ಮಟ್ಟಿಗೆ ಅದು ನಿಜ. ಅಕ್ಕ ಕಳೆದುಕೊಂಡದ್ದಕ್ಕೆ ಅದು ಮುಟ್ಟುವುದಿಲ್ಲ. ಕೊಯಮತ್ತೂರಿನ ಸರಕ್ಕೂ ಅದೇ ಹೆಸರು ಹಾಕಬಹುದೇ ಎಂದು ಕೇಳಿದರೆ, ಹಾಕಬಾರದಿತ್ತು ಎಂದೇ ನನಗನ್ನಿಸುತ್ತದೆ.

ಮದುವೆಯ ಕೆಲಸಕ್ಕೆಂದು ನಾನೂ ಅಕ್ಕನ ಜೊತೆ ಸುರಪುರದ ಬಸ್ಸು ಹತ್ತಿದೆ. ಆಕೆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಶಹಾಪುರ ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ಆ ಹುಡುಗಿ ಮನಿಗಿ ಹೋಗ್ರಿ ಅಂದ್ರ ನಾ ಯಾಕ್ ಎದ್ದೆ? ಅವ್ವ ಇದ್ದಿದ್ರ ಏಳ್ತಿರ್ಲಿಲ್ಲ."

ಮದುವೆ ಶಹಾಪುರದಲ್ಲಿ ಆಯಿತು. ಬೀಗರು ಕಿರಾಣಿ ವ್ಯಾಪಾರದವರು. ಬೀಗಿತಿ ಸರದ ಕೊಂಡಿ ತಿರುಗಿಸಿ ಬಿಲ್ವಪತ್ರೆ ನೋಡಿ, "ಅವರ ಅಂಗಡೀದು, ಚಲೋ ಆತು" ಎಂದಳು.

ಹೋದ ತಿಂಗಳು ಶಹಾಪುರದಲ್ಲೇ ಅಕ್ಕನ ಬಸುರಿ ಮಗಳ ಕುಬಸವಾಯಿತು. ಹಸಿರು ಸೀರೆ ಉಟ್ಟು ಕುಳಿತಿದ್ದ ಆಕೆ, ಸರ ಹಿಡಿದು ನೋಡುತ್ತಿದ್ದ ನೆಗೆಣ್ಣಿಗೆ, ಅಂದರೆ ಓರಗಿತ್ತಿಗೆ, ಹೇಳಿದಳು: "ಇದು ನಮ್ಮಜ್ಜೀದು. ಅಜ್ಜಿ ಬಂಗಾರನೇ ಕರಗ್ಸಿ ಮಾಡ್ಸ್ಯಾರ. ನನಗ ಹೆಣ್ಣಾದ್ರ ಅದಕ್ಕೇ ಕೊಡ್ತೀನಿ." ಅಕ್ಕ ಆಗ ಮಗಳ ಕೈಗೆ ಬಳೆ ಇಡಿಸುತ್ತಿದ್ದಳು.

ಅಕ್ಕ ಆಕೆಗೆ ಇನ್ನೂ ಹೇಳಿಲ್ಲ.