ಹರಾಜು ಕೂಗುವವನ ಗಂಟಲು

ನನ್ನ ತಮ್ಮನನ್ನು ತರಕಾರಿ ಮಂಡಿಯಲ್ಲಿ ಎಲ್ಲರೂ ಮೈಕು ಎಂದೇ ಕರೆಯುತ್ತಿದ್ದರು. ಮೀಸೆ ಆಗಷ್ಟೇ ಸರಿಯಾಗಿ ಮೂಡಿದ್ದ ಹುಡುಗ. ಬೆಳಗಿನ ಹರಾಜಿನಲ್ಲಿ ಟೊಮೆಟೊ ಕ್ರೇಟಿನ ಮೇಲೆ ನಿಂತು ದರ ಕೂಗಿದನೆಂದರೆ ಲಾರಿಯಲ್ಲಿ ಗೊರಕೆ ಹೊಡೆಯುತ್ತಿದ್ದ ಡ್ರೈವರೂ ಎದ್ದು ಕೂರಬೇಕು. ಮನೆಯಲ್ಲೂ ಅದೇ ದನಿ. ಅವನು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಟ್ಟಾರು ಎಂದು ನಾವು ನಗುತ್ತಿದ್ದೆವು.

ಇಂಥವರಿಗೆ ಗಂಟಲು ನೋವು ಕಾಯಿಲೆಯೇ ಅಲ್ಲ. ಬಿಸಿನೀರು ಕುಡಿಯುತ್ತಾರೆ, ಲವಂಗ ಅಗಿಯುತ್ತಾರೆ, ಮತ್ತೆ ಕೂಗುತ್ತಾರೆ. ಅವನಿಗೂ ಬಂತು. ಉಗುಳು ನುಂಗಲಾಗದೆ ಮುಖ ಹಿಂಡುತ್ತಿದ್ದವನಿಗೆ ಡಾಕ್ಟರ ಹತ್ತಿರ ಹೋಗೋ ಎಂದೆ.

"ಗಂಟಲು ನೋವಿಗೆಲ್ಲ ರಜೆ ಹಾಕಿದ್ರೆ ಮಂಡಿಯವ್ರು ನಗ್ತಾರಕ್ಕಾ. ಅಡುಗೆಯವನು ಒಲೆ ಬಿಸಿ ಅಂತ ಅತ್ತಂಗಾಗುತ್ತೆ."

ನೋವು ಇಳಿಯಿತು ಕೂಡ. ನಾವು ಖುಷಿಪಟ್ಟೆವು. ಆಮೇಲೆ ಬಂತು ಜ್ವರ, ಹಲ್ಲು ಕಟಕಟ ಎನ್ನುವಂಥ ನಡುಕ. ಕತ್ತಿನ ಒಂದೇ ಬದಿ, ಕಿವಿಯ ಕೆಳಗೆ, ಊದಿಕೊಂಡಿತು. ಕ್ರೇಟು ಎತ್ತಿ ನರ ಹಿಡಿದಿದೆ ಎಂದು ಮಂಡಿಯ ಹಮಾಲ ಎಣ್ಣೆ ಹಚ್ಚಿ ತಿಕ್ಕಿದ. ಆ ಕೈಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ತಿಕ್ಕಿದ್ದ. ಉಸಿರೆಳೆದರೆ ಎದೆ ಚುಚ್ಚುತ್ತದೆ ಎಂದು ತಮ್ಮ ಹೇಳಿದಾಗ ಅವನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು.

ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ ವಿವರಿಸಿದರು. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಎಷ್ಟೋ ಜನರ ಗಂಟಲಲ್ಲಿ ಇರುತ್ತವಂತೆ, ಸಾಮಾನ್ಯವಾಗಿ ಸುಮ್ಮನಿರುತ್ತವಂತೆ. ಸುಮ್ಮನಿರುತ್ತವೆ! ನನ್ನ ತಮ್ಮನ ಬಾಯಲ್ಲೇ ಉಂಡು ಬೆಳೆದವು, ಉಂಡ ಮನೆಗೇ ದ್ರೋಹ ಬಗೆದವು. ಕತ್ತಿನ ರಕ್ತನಾಳಕ್ಕೆ ನುಗ್ಗಿ ಅಲ್ಲಿ ರಕ್ತ ಹೆಪ್ಪುಗಟ್ಟಿಸಿದ್ದವು. ಆ ಹೆಪ್ಪಿನ ಚೂರುಗಳು ಶ್ವಾಸಕೋಶಕ್ಕೆ ಹೋಗಿ ಅಲ್ಲೂ ಕೀವಾಗಿತ್ತು.

"ತುಂಬಾ ಅಪರೂಪ ಇದು. ಬೇಗ ಬಂದ್ರೆ ಔಷಧಿಗೆ ಬಗ್ಗುತ್ತೆ," ಎಂದರು.

"ಈಗ?" ಎಂದಳು ಅಮ್ಮ.

"ಔಷಧಿ ಕೊಡ್ತಾ ಇದೀವಮ್ಮ."

ಬದುಕುತ್ತಾನೆ ಎಂದು ಅವರು ಹೇಳಲಿಲ್ಲ. ಹೇಳಲಿ ಎಂದು ನಾವು ಅವರ ಬಾಯನ್ನೇ ನೋಡುತ್ತಿದ್ದೆವು.

ಉಸಿರಾಟಕ್ಕೆ ಅವನ ಗಂಟಲೊಳಗೇ ಕೊಳವೆ ಇಳಿಸಿದರು. ಕಿಡ್ನಿಯೂ ಕೈಕೊಟ್ಟಿತು. ಮಂಡಿಯವರು ಬಂದು ಹೊರಗಿನ ಬೆಂಚಿನ ಮೇಲೆ ಕೂತರು, ಎದ್ದು ಹೋದರು. ಹಮಾಲ ಆಸ್ಪತ್ರೆಯ ಗೇಟಿನೊಳಗೇ ಬರಲಿಲ್ಲ.

ನಿದ್ದೆಯ ಔಷಧಿ ನಿಲ್ಲಿಸಿದ ಮೇಲೂ ಅವನು ಕಣ್ಣು ಬಿಡಲಿಲ್ಲ.

"ಮನೆಯವ್ರು ಕರೆದು ನೋಡಿ. ಗುರುತಿನ ದನಿಗೆ ಒಮ್ಮೊಮ್ಮೆ ಎಚ್ಚರ ಆಗುತ್ತೆ," ಎಂದರು ಡಾಕ್ಟರಮ್ಮ. ಹಾಗೆನ್ನುವಾಗ ಅವರು ನಮ್ಮ ಮುಖ ನೋಡಲಿಲ್ಲ.

ಅಮ್ಮನಿಗೆ ಬಾಯಿ ತೆರೆದರೆ ಅಳುವೇ ಬರುತ್ತಿತ್ತು. ನಾನು ಕಿವಿಯ ಬಳಿ ಬಗ್ಗಿ ಕರೆದೆ. "ಏಳೋ, ಹೊತ್ತಾಯ್ತು, ಗಾಡಿ ಬಂದು ನಿಂತಿದಾವೆ." ಆಮೇಲೆ ನಾಚಿಕೆ ಬಿಟ್ಟು ಅರಚಿದೆ. ಆಚೆ ಹಾಸಿಗೆಯ ಮುದುಕ ಬೆಚ್ಚಿ ಎದ್ದ. ನನ್ನ ತಮ್ಮನ ರೆಪ್ಪೆ ಅಲುಗಲಿಲ್ಲ.

"ಸಾಕು ಬಿಡಿ ಅಕ್ಕಾ," ಎಂದು ನರ್ಸ್ ಭುಜ ಹಿಡಿದಳು.

ಅಮ್ಮ ನನ್ನ ಕೈ ಬಿಡಲಿಲ್ಲ. "ಇನ್ನೊಂದ್ಸಲ ಕರಿಯೇ," ಎಂದಳು.

ಯಂತ್ರ ಊದಿದಷ್ಟು ಅವನ ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಅವನು ಅಲ್ಲಿಲ್ಲ ಎಂದು ನನಗೆ ಗೊತ್ತಾಗಿತ್ತು. ಮತ್ತೆ ಕರೆದೆ.